ನಾಗವೇಣಿಯ ಗಂಧಡಬ್ಬಿ

ಕಡಲ ಶಕೆ ೨೧೨, ಎರಡನೆಯ ಶ್ರಾವಣ, ಮೂವತ್ತಮೂರನೆಯ ದಿನ
ಕಾರವಾರದ ಮೇಲಿನ ನೀರು

ಹಡಗು ತಪಾಸಣೆಯ ನಿಯಮ ಬರೆಯಲು ಕುಳಿತಿರುವ ಹಿರಿಯರಿಗೆ,

ನಿಮ್ಮ ಕಾಲ ಕಳೆದು ಎಷ್ಟೋ ತಲೆಮಾರುಗಳ ಮೇಲೆ ಬರೆಯುತ್ತಿದ್ದೇನೆ; ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗುವುದೂ ಇಲ್ಲ. ಕ್ಷಮಿಸಿ. ನಾನು ವಾರಿಜಾ ತಾಂಡೇಲ, ಕಡಲ ಕಾವಲಿನ ತಪಾಸಣಾಧಿಕಾರಿ. ನೀವು ಬರೆದ ನಿಯಮಗಳೇ ಇವತ್ತಿಗೂ ನಮ್ಮ ಕೈಯಲ್ಲಿವೆ. ಯಾವ ಹಡಗನ್ನಾದರೂ ನಿಲ್ಲಿಸಬಹುದು, ಯಾವ ಮುಚ್ಚಳವನ್ನಾದರೂ ತೆರೆಯಬಹುದು, ಕಾರಣ ಹೇಳಬೇಕಾಗಿಲ್ಲ.

ನಾವೆಲ್ಲ ತೇಲೂರುಗಳಲ್ಲಿದ್ದೇವೆ, ಹತ್ತಿಪ್ಪತ್ತು ಹಡಗುಗಳನ್ನು ಹಗ್ಗದಿಂದ ಹೆಣೆದ ಊರಿಗೆ ಆ ಹೆಸರು. ಬೆಳಗಿನ ಮಂಜಿನಲ್ಲಿ ಪಕ್ಕದ ಹಡಗಿನ ಒಗ್ಗರಣೆಯ ಸದ್ದು ಕೇಳುತ್ತದೆ, ಹಡಗು ಕಾಣುವುದಿಲ್ಲ. ಕೆಳಗೆ, ಮುಳುಗಿದ ನಿಮ್ಮ ಬೀದಿಗಳಲ್ಲಿ ಮೀನುಗಳು ನಿಧಾನವಾಗಿ ತಿರುಗಾಡುತ್ತಿರುತ್ತವೆ. ನಿಯಮದಲ್ಲಿಲ್ಲದ ಒಂದು ಪದ್ಧತಿ ನಮ್ಮಲ್ಲಿದೆ. ಹಡಗು ಹತ್ತಿದ ಅಧಿಕಾರಿ ಮೊದಲು ತನ್ನ ಚೀಲವನ್ನು ಮನೆಯವರ ಮುಂದೆ ಸುರಿಯಬೇಕು. ಅವರು ನಮ್ಮ ಬಾಚಣಿಗೆ, ಬುತ್ತಿ ಎಲ್ಲ ನೋಡಿ ನಗುತ್ತಾರೆ, ನಗುತ್ತಲೇ ತಮ್ಮಲ್ಲಿ ಮುಟ್ಟಬಾರದ್ದು ಏನಿದೆಯೆಂದು ಹೇಳುತ್ತಾರೆ. ನನಗೆ ಅದು ಹೊತ್ತು ಹಾಳು ಮಾಡುವ ಕೆಲಸವೆನಿಸುತ್ತಿತ್ತು. ಇಪ್ಪತ್ತು ವರ್ಷದ ಅನುಭವದ ಕೊಬ್ಬು, ಬೇರೇನಲ್ಲ.

ಹೋದ ವಾರ ನಾಗವೇಣಿಯ ದೋಣಿಮನೆ ಹತ್ತಿದಾಗ ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಬಲೆ ರಿಪೇರಿ ಮಾಡುತ್ತಿದ್ದ ಅವಳಿಗೆ ಅಲ್ಲೇ ಕೂರಲು ಹೇಳಿ ಕೆಳಗಿಳಿದೆ. ಮೇಣ ಹಚ್ಚಿದ್ದ ತಗಡಿನ ಡಬ್ಬಿಯೊಂದನ್ನು ಕಳ್ಳಮಾಲೆಂದು ತೆರೆದು, ಒಳಗಿದ್ದ ಸೀರೆಯನ್ನು ನಿಯಮದಂತೆ ಕೊಡವಿ, ಕಿಂಡಿಯ ಬೆಳಕಿಗೆ ಹಿಡಿದೆ. ಕಿಂಡಿಯಿಂದ ಗಾಳಿ ನುಗ್ಗುತ್ತಿತ್ತು. ಅದು ಗಂಧಡಬ್ಬಿ. ತೀರಿಕೊಂಡವರು ಕೊನೆಗೆ ಉಟ್ಟ ಬಟ್ಟೆಯನ್ನು, ಅವರ ವಾಸನೆ ಆರದಂತೆ, ಅದರಲ್ಲಿ ಮುಚ್ಚಿಡುತ್ತೇವೆ. ತಾಯಿ ಸತ್ತ ವಯಸ್ಸಿಗೆ ಮಗಳು ಬಂದ ದಿನ, ಒಂದೇ ಒಂದು ಸಲ ಅದನ್ನು ತೆರೆದು ಮೂಸುತ್ತಾಳೆ. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ನಾಗವೇಣಿಗೆ ಆ ದಿನಕ್ಕೆ ಇನ್ನೂ ಒಂಬತ್ತು ದಿನ ಉಳಿದಿತ್ತು. ಅವಳು ಓಡಿ ಬರುವಷ್ಟರಲ್ಲಿ ಸೀರೆಯಲ್ಲಿ ಉಪ್ಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಅವಳು ಬೈಯಲಿಲ್ಲ. "ಅಕ್ಕಾ, ನಿಮ್ಗಾದ್ರೂ ವಾಸ್ನೆ ಸಿಕ್ತಲ್ಲ. ಹ್ಯಾಂಗಿತ್ತು, ಹೇಳಿ," ಎಂದಷ್ಟೇ ಕೇಳಿದಳು.

ಹೊಗೆ ಇತ್ತೆಂದೆ, ತೆಂಗಿನೆಣ್ಣೆ ಇತ್ತೆಂದೆ. ಮೂರನೆಯದೊಂದಿತ್ತು, ನೆಲದ ಮೇಲಿನದ್ದಿರಬೇಕು; ಅವಳ ತಾಯಿ ಮುಳುಗದೆ ಉಳಿದ ಒಂದು ಗುಡ್ಡದ ಮೇಲೆ ಹುಟ್ಟಿದವಳಂತೆ. ನೀರಿನಲ್ಲೇ ಬೆಳೆದ ನನಗೆ ಅದರ ಹೆಸರು ಗೊತ್ತಿರಲಿಲ್ಲ. ಹಡಗಿನ ಮೂಲೆ ಮೂಲೆ ಜಾಲಾಡುವ ಅಧಿಕಾರವಿದ್ದ ನಾನು ಅವಳೆದುರು ಪೆದ್ದಿಯಂತೆ ನಿಂತೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅಧಿಕಾರವೇ ಬೇಡವೆನ್ನುವುದಿಲ್ಲ, ಕಡಲಲ್ಲಿ ಕಳ್ಳರಿದ್ದಾರೆ. ತೆರೆಯುವ ಮೊದಲು ಕೇಳಬೇಕೆಂಬ ಒಂದು ಸಾಲು ಸೇರಿಸಿ. ಇನ್ನೊಂದು ಕೋರಿಕೆ ನಿಯಮಕ್ಕೆ ಸೇರಿದ್ದಲ್ಲ. ನಿಮಗಿನ್ನೂ ನೆಲವಿದೆ. ಒಲೆಯ ಮುಂದಿನಿಂದ ಎದ್ದು ಬಂದ ಹೆಂಗಸಿನ ಸೆರಗಿನಲ್ಲಿ, ಹೊಗೆ ಎಣ್ಣೆಗಳ ಆಚೆ, ತುಸು ಸಿಹಿಯಾದ, ತುಸು ಒಗರಾದ ವಾಸನೆಯೊಂದು ಬಂದರೆ, ಅದೇನೆಂದು ಅವಳನ್ನೇ ಕೇಳಿ ಬರೆದಿಡಿ. ನಾಗವೇಣಿಯ ದಿನ ನಾಡಿದ್ದು. ಬರಿಗೈಯಲ್ಲಿ ಅವಳ ಮುಂದೆ ಹೋಗಲಾರೆ.