ಊರಿಗೊಂದು ಎರವಲು ವಾದ್ಯ

ಹತ್ತೊಂಬತ್ತನೇ ತಾರೀಕು, ಬುಧವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಮೆಸೇಜು ನೋಡಿದೆ. ಮುಂದಿನ ಊರುಗಳಿಗೆ ಡಬಲ್ ಬೇಸ್ ಗೊತ್ತುಮಾಡುವುದು ಹೇಗೆ, ಯಾರನ್ನು ಹಿಡಿಯಬೇಕು, ಏನೇನು ಕೇಳಬೇಕು ಎಂದೆಲ್ಲ ಬರೆದಿದ್ದೀಯ. ಮೊದಲ ಊರುಗಳು ಹೇಗೋ ಕಳೆದವು, ಹೋದ ವಾರದ ಊರಿನಲ್ಲಿ ಕೊಟ್ಟ ವಾದ್ಯದ ಕತ್ತೇ ಅಲ್ಲಾಡುತ್ತಿತ್ತು ಎಂದಿದ್ದೀಯ. ಕೊನೆಗೆ ‘ಸಾರಿ ದೊಡ್ಡಮ್ಮ’ ಎಂದು ಸೇರಿಸಿದ್ದೀಯ, ಯಾತಕ್ಕೆ ಎಂದು ಬರೆದಿಲ್ಲ. ಫೋನಿನ ಆ ಪುಟ್ಟ ಚೌಕದೊಳಗೆ ಉತ್ತರ ತುಂಬಿಸಲು ಕೂತೆ, ಆಗಲಿಲ್ಲ. ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತದೆ. ಅದಕ್ಕೇ ಕಾಗದ. ಶುಕ್ರವಾರ ನೀವು ತಲುಪುವ ಹಾಲ್‌ನ ವಿಳಾಸಕ್ಕೆ ಹಾಕುತ್ತೇನೆ. ಅಲ್ಲಿ ಸ್ಟೇಜ್ ನೋಡಿಕೊಳ್ಳುವವರಿಗೆ ನನ್ನ ಅಕ್ಷರ ಗೊತ್ತು, ತಪ್ಪದೆ ನಿನ್ನ ಕೈಗೆ ಕೊಡುತ್ತಾರೆ.

ಯಾವ ಹಾಲ್‌ನವರೇ ಆಗಲಿ ‘ಎಲ್ಲಾ ವ್ಯವಸ್ಥೆ ಆಗಿದೆ ಮೇಡಂ’ ಎಂದರೆ ನಂಬಬೇಡ. ವಾದ್ಯದ ಫೋಟೋ ಕೇಳು. ಬರೀ ವಾದ್ಯದ್ದಲ್ಲ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುವ ಫೋಟೋ. ಇಲ್ಲದಿದ್ದರೆ ಅಳತೆ ತಿಳಿಯುವುದಿಲ್ಲ. ನನಗೊಮ್ಮೆ ಒಬ್ಬರು ಬೇಸ್ ಗಿಟಾರು ತಂದು ಗೋಡೆಗೆ ಒರಗಿಸಿ, ಆ ದೊಡ್ಡದಕ್ಕಿಂತ ಇದು ಹಗುರ, ನಿಮಗೇ ಅನುಕೂಲ ಎಂದು ಉಪಕಾರ ಮಾಡಿದವರಂತೆ ನಿಂತಿದ್ದರು. ಅವತ್ತು ಸಂಜೆಯವರೆಗೂ ಆ ಊರಿನ ಬ್ಯಾಂಡ್‌ನವರ ಮನೆಮನೆ ಬಾಗಿಲು ತಟ್ಟಿದ್ದೇನೆ. ಒಬ್ಬರ ಮನೆಯಲ್ಲಿ ಬೇಸ್ ಇತ್ತು, ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು.

ಕೈಗೆ ಬಂದ ತಕ್ಷಣ ನುಡಿಸಲು ಹೋಗಬೇಡ. ಮೊದಲು ಬೆರಳಿನ ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟಿಕೊಂಡು ಬಾ. ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡುತ್ತೇವಲ್ಲ, ಹಾಗೆ. ಅಂಟು ಬಿಟ್ಟ ಕಡೆ ಸದ್ದು ಸಡಿಲವಾಗಿ ಬರುತ್ತದೆ. ತಂತಿಗಳ ಕೆಳಗಿನ ಕುದುರೆ ನೆಟ್ಟಗಿದೆಯೇ ನೋಡು. ಬಾಗಿದ್ದರೆ ತಂತಿ ಸಡಿಲಿಸಿ ಸರಿಪಡಿಸು, ಬಿಗಿದಿರುವಾಗ ಜಗ್ಗಲು ಹೋದರೆ ಮುಖಕ್ಕೇ ಹಾರುತ್ತದೆ. ವಾದ್ಯವನ್ನು ನೆಲಕ್ಕೆ ಊರುವ ಕೆಳಗಿನ ಮೊಳೆಗೆ ರಬ್ಬರ್ ಇಲ್ಲದಿದ್ದರೆ ನಯವಾದ ಸ್ಟೇಜಿನ ಮೇಲೆ ಜಾರಿಕೊಂಡು ಹೊರಟೇ ಬಿಡುತ್ತದೆ. ಒಂದು ರಬ್ಬರ್ ತುಂಡು ಸದಾ ಚೀಲದಲ್ಲಿರಲಿ. ಕಮಾನು, ಅದಕ್ಕೆ ತಿಕ್ಕುವ ರಾಳ, ಒಂದು ಸೆಟ್ ತಂತಿ, ನಿನ್ನ ಮೈಕು, ಉದ್ದದ ವೈರು ಇವಿಷ್ಟು ನಿನ್ನವೇ ಆಗಿರಬೇಕು. ಮಿಕ್ಕಿದ್ದೆಲ್ಲ ಎರವಲು. ನಮ್ಮ ಬಾಳೇ ಹಾಗೆ. ಆಳೆತ್ತರದ ಈ ಬೇಸನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ, ಬಸ್ಸಿನವರು ಪೆಟ್ಟಿಗೆ ನೋಡಿ ಒಳಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಪಿಟೀಲಿನವಳು ತನ್ನ ಪಿಟೀಲನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗುವುದನ್ನು ನೋಡಿ ಎಷ್ಟು ಸಲ ಹೊಟ್ಟೆ ಉರಿಸಿಕೊಂಡಿದ್ದೇನೋ.

ಈ ಎರವಲಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಬೆರಳಿನ ತೊಂದರೆ ಶುರುವಾದಾಗ ಅದು ಬೆರಳಿನದು ಎಂದು ನನಗೆ ಬಹಳ ದಿನ ತಿಳಿಯಲೇ ಇಲ್ಲ. ಎಡಗೈಯ ಉಂಗುರಬೆರಳು, ಕಿರುಬೆರಳು ಎರಡೂ ತಂತಿಯ ಮೇಲೆ ಇಳಿಯುವ ಬದಲು ಅಂಗೈಯೊಳಕ್ಕೆ ಮಡಚಿಕೊಳ್ಳುತ್ತಿದ್ದವು. ಈ ವಾದ್ಯದ ತಂತಿ ಎತ್ತರ ಎಂದುಕೊಂಡೆ. ಮುಂದಿನ ಊರಿನಲ್ಲಿ ಕತ್ತು ದಪ್ಪ ಎಂದುಕೊಂಡೆ. ಅದರ ಮುಂದಿನ ಊರಿನಲ್ಲಿ ಎರಡು ವಾದ್ಯ ವಾಪಸು ಕಳಿಸಿ ಮೂರನೆಯದನ್ನು ತರಿಸಿದೆ. ಹೊತ್ತು ತಂದವರು ಬೆವರು ಒರೆಸಿಕೊಳ್ಳುತ್ತಾ ನನ್ನನ್ನೊಮ್ಮೆ, ವಾದ್ಯವನ್ನೊಮ್ಮೆ ನೋಡಿದರು. ಊರೂರಿಗೆ ಬೇರೆ ಬೇರೆ ವಾದ್ಯವಿದ್ದರೆ ಇದೊಂದು ಅನುಕೂಲ, ದೂರು ಹೇಳಲು ಏನಾದರೊಂದು ಸಿಕ್ಕೇ ಸಿಗುತ್ತದೆ.

ಕೊನೆಗೆ ನರದ ವೈದ್ಯರ ಬಳಿ ಹೋದೆ. ಕೈಗೆ ಏನೂ ಆಗಿಲ್ಲವಂತೆ, ಕೈಗೆ ಹೇಳಿಕೊಡುವ ಜಾಗ ತಲೆಯೊಳಗೆ ಕಲಸಿಹೋಗಿದೆಯಂತೆ. ಅದೇ ಎರಡು ಬೆರಳಿನಿಂದ ಬಟ್ಟೆ ಹಿಂಡಬಲ್ಲೆ, ಜಡೆ ಹೆಣೆಯಬಲ್ಲೆ, ಗುಂಡಿ ಹೊಲಿಯಬಲ್ಲೆ. ನುಡಿಸಲು ಹೋದಾಗ ಮಾತ್ರ ಅವು ನನ್ನವಲ್ಲ. ವಾಸಿಯಾಗುತ್ತದೆಯೇ ಎಂದು ಕೇಳಿದ್ದಕ್ಕೆ ವೈದ್ಯರು, ನಿಮ್ಮ ವಯಸ್ಸಿನಲ್ಲಿ ವಾಸಿಯಾದವರನ್ನು ನಾನು ಕಂಡಿಲ್ಲ ಎಂದರು. ಒಳ್ಳೆಯ ಮನುಷ್ಯ, ಸುತ್ತಿಬಳಸಿ ಹೇಳಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳಿದ್ದು ‘ಬೆರಳು ಸ್ವಲ್ಪ ಬಿಗಿಯಾಗಿದೆ’ ಅಂತ ಅಷ್ಟೇ.

ಆದರೆ ಕೇಳಿಸಿಕೊಳ್ಳುವವರಿಗೆ ಹೇಳಬೇಕಾಗಿರಲಿಲ್ಲ. ನಮ್ಮ ತಂಡದ ಪಿಯಾನೊದವನು ನನ್ನ ಜೊತೆ ನುಡಿಸಲು ಶುರು ಮಾಡಿದಾಗ ಅವನಿಗೆ ಸರಿಯಾಗಿ ಮೀಸೆ ಬಂದಿರಲಿಲ್ಲ, ಈಗ ತಲೆಗೂದಲು ಉದುರಿದೆ. ಅಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತವನ ಕಿವಿಗೆ ಏನು ಮುಚ್ಚಿಡುವುದು?

ನಮ್ಮ ಪ್ರವಾಸದ ಮೊದಲ ಸುತ್ತು ಮುಗಿಯಲು ಇನ್ನು ಕೆಲವೇ ಕಾರ್ಯಕ್ರಮ ಉಳಿದಿದ್ದಾಗ, ಎರಡನೆಯ ಸುತ್ತಿನ ಮೊದಲ ಹಾಲ್‌ಗೆ ಎಂದಿನಂತೆ ನಾನೇ ಫೋನ್ ಮಾಡಿದೆ. ಬೇಸ್ ಬೇಕು, ಆಂಪ್ಲಿಫಯರ್ ಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿನ ಸ್ಟೇಜಿನವರು ಅದೆಲ್ಲ ಆಗಲೇ ಆಯಿತು ಎಂದರು. ಮೃದುವಾದ ತಂತಿಯನ್ನೇ ಹಾಕಿಸಿದ್ದಾರಂತೆ, ಸ್ಟೂಲೂ ಸಿದ್ಧವಾಗಿದೆಯಂತೆ. ನನಗೆ ಸ್ಟೂಲು ಯಾಕೆ, ನಾನು ನಿಂತು ನುಡಿಸುವವಳು ಎಂದೆ. ಅವರು ಹೇಳಿದರು: “ಮತ್ತೆ ನಿಮ್ಮ ಕಡೆಯೋರೇ ಫೋನ್ ಮಾಡಿದ್ರಲ್ಲ ಮೇಡಂ. ದನಿ ಥೇಟು ನಿಮ್ಮದೇ ಥರ ಇತ್ತು, ಸ್ವಲ್ಪ ಎಳೇದು.”

ನಮ್ಮ ಮನೆಯ ಹೆಂಗಸರ ದನಿಯೆಲ್ಲ ಒಂದೇ ಥರ ಎಂದು ನಿನ್ನ ಅಮ್ಮ ಹೇಳುತ್ತಿರುತ್ತಾಳೆ. ಸ್ಟೂಲಿನ ಮೇಲೆ ಕೂತು ನುಡಿಸು, ನಿನ್ನ ಎತ್ತರಕ್ಕೆ ಅದೇ ಸರಿ ಎಂದು ನಿನಗೆ ಹೇಳಿಕೊಟ್ಟವಳು ನಾನು.

ನಾನು ಅವರಿಗೆ, ಹೌದು, ಮರೆತಿದ್ದೆ, ಅವಳು ನಮ್ಮವಳೇ ಎಂದು ಹೇಳಿ ಫೋನ್ ಇಟ್ಟೆ. ಅವತ್ತು ಸಂಜೆ ನೀನೂ ಫೋನ್ ಮಾಡಿದೆ. ಬೆರಳು ಹೇಗಿದೆ ಎಂದು ಕೇಳಿದೆ. ಬಿಸಿನೀರಿನಲ್ಲಿ ಅದ್ದು, ಎಣ್ಣೆ ಹಚ್ಚು ಎಂದೆ. ಬಹಳ ಹೊತ್ತು ಮಾತಾಡಿದೆವು, ನಗಾಡಿದೆವು ಕೂಡ. ನೀನು ಈಗ ಹೇಳುತ್ತೀಯ, ಈಗ ಹೇಳುತ್ತೀಯ ಎಂದು ನಾನು ಕಾದೆ. ಪಿಯಾನೊದವನು ತಾನೇ ಹೇಳುವವರೆಗೆ ಬಾಯಿ ಬಿಡಬೇಡ ಎಂದಿದ್ದನಂತೆ, ಆಮೇಲೆ ಗೊತ್ತಾಯಿತು. ನೀನು ಎಷ್ಟು ದಿನದಿಂದ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದೆ ಎಂಬುದೂ ಗೊತ್ತು. ಗೊತ್ತಿರುವುದರಿಂದ ನೋವು ಕಡಿಮೆಯಾಗುತ್ತದೆ ಎಂದು ಯಾರೋ ಸುಳ್ಳು ಹೇಳಿದ್ದಾರೆ.

ಕೊನೆಯ ಕಾರ್ಯಕ್ರಮ ಮಧ್ಯಾಹ್ನದ್ದು. ಆ ಊರಿಗೆ ನಾನು ಗೊತ್ತುಮಾಡಿದ್ದ ಬೇಸ್ ಒಬ್ಬ ಹಿರಿಯ ವಾದಕರದು. ಅವರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿ ಅದನ್ನು ಯಾರಿಗೂ ಕೊಡುತ್ತಿರಲಿಲ್ಲವಂತೆ, ಹೆಂಗಸು ನುಡಿಸುತ್ತಾಳೆ ಎಂದು ಕೇಳಿ ಒಪ್ಪಿದ್ದರು. ಅವರ ಮನೆಗೆ ಹೋಗಿ ನಾನೇ ತಟ್ಟಿ ನೋಡಿದೆ. ಎಲ್ಲೂ ಅಂಟು ಬಿಟ್ಟಿಲ್ಲ. ತಂತಿಯ ಎತ್ತರ ನನ್ನ ಕೈಗೇ ಅಳತೆ ತೆಗೆದು ಮಾಡಿಸಿದಂತಿತ್ತು. ಕಮಾನು ಎಳೆದರೆ ಸದ್ದು ನೆಲದೊಳಗಿಂದ ಎದ್ದು ಬರುತ್ತಿತ್ತು. ಆ ತಾಯಿ ಬಾಗಿಲಲ್ಲಿ ನಿಂತು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ಎರವಲು ವಾದ್ಯಗಳಲ್ಲೆಲ್ಲ ಅದೇ ಒಳ್ಳೆಯದು. ದೂರಲು ಅದರಲ್ಲಿ ಏನೂ ಇರಲಿಲ್ಲ, ಗುಬ್ಬಿ.

ಎರಡನೆಯ ಭಾಗದಲ್ಲಿ, ನಾನೊಬ್ಬಳೇ ಮುನ್ನಡೆಸಬೇಕಾದ ಜಾಗದಲ್ಲಿ, ಎರಡೂ ಬೆರಳು ಮಡಚಿಕೊಂಡವು. ಬಿಡಿಸಿದರೆ ಮತ್ತೆ ಮಡಚಿಕೊಂಡವು. ಖಾಲಿ ತಂತಿ ಮೀಟುತ್ತಾ ತಾಳವನ್ನಷ್ಟೇ ಹಿಡಿದುಕೊಂಡೆ. ಆಗ ನನ್ನ ಸ್ವರಗಳು ಕೇಳಿಸಿದವು. ಪಿಯಾನೊದವನ ಎಡಗೈ ನನ್ನ ಭಾಗವನ್ನು ಒಂದೂ ಬಿಡದೆ ನುಡಿಸುತ್ತಿತ್ತು. ಗಾಬರಿಯಲ್ಲಿ ತಡಕಾಡಿ ಹಿಡಿದದ್ದಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೂ ಸೇರಿ ಪಾಠವಾಗಿತ್ತು. ಅವನು ನನ್ನ ಕಡೆ ನೋಡಲಿಲ್ಲ. ಸಭೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ, ಚಪ್ಪಾಳೆ ಜೋರಾಗಿಯೇ ಇತ್ತು. ನಾನು ಬಗ್ಗಿ ನಮಸ್ಕರಿಸಿದೆ, ವಾದ್ಯದ ಭುಜ ಹಿಡಿದುಕೊಂಡೇ.

ಎಲ್ಲರೂ ಸಾಮಾನು ವ್ಯಾನಿಗೆ ತುಂಬುತ್ತಿದ್ದಾಗ ಅವನು ವೈರು ಸುತ್ತುವ ನೆಪದಲ್ಲಿ ನನ್ನ ಹತ್ತಿರ ಬಂದ.

“ನನ್ನ ಭಾಗ ಯಾವಾಗ ಕಲಿತೆ?” ಎಂದು ಕೇಳಿದೆ.

ವೈರಿನ ಸಿಕ್ಕು ಬಿಡಿಸುತ್ತಲೇ ಅವನು, “ತಿಂಗಳುಗಳೇ ಆಯ್ತಕ್ಕ. ಬೇಕಾಗ್ಬೋದು ಅನ್ನಿಸ್ತು,” ಎಂದ.

“ಗುಬ್ಬಿಗೆ ಹಾಲ್‌ನವರ ಸ್ಟೂಲು ಎತ್ತರ ಆಗುತ್ತೆ. ಅದರ ಕಾಲು ಸ್ವಲ್ಪ ಕೊಯ್ಸೋಕೆ ಹೇಳು,” ಎಂದೆ.

ಅವನು ಆಂಪ್ಲಿಫಯರ್ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಅಳುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು. ಯಾಕೆಂದರೆ ಅವನನ್ನು ಸಮಾಧಾನ ಮಾಡುವಷ್ಟು ಒಳ್ಳೆಯತನ ಅವತ್ತು ನನ್ನಲ್ಲಿರಲಿಲ್ಲ. ಹೊರಗಿನವರನ್ನು ಕರೆಯುವ ಬದಲು ನಮ್ಮವಳನ್ನೇ ಕರೆದರೆ ನನಗೆ ಕಡಿಮೆ ನೋವಾಗಬಹುದು ಎಂದುಕೊಂಡನಂತೆ. ಆ ತಾಯಿಯ ಬೇಸನ್ನು ಹೊದಿಕೆಯೊಳಗೆ ತೂರಿಸಿ, ಜಿಪ್ ಎಳೆದು, ಆಟೊದಲ್ಲಿ ನನ್ನ ತೊಡೆಯ ಮೇಲೆ ಒರಗಿಸಿಕೊಂಡು ಅವರ ಮನೆಗೆ ಮುಟ್ಟಿಸಿದೆ. ಮತ್ತೆ ಈ ಕಡೆ ಬಂದಾಗ ಖಂಡಿತ ತೆಗೆದುಕೊಂಡು ಹೋಗಿ ಎಂದರು. ಹೂಂ ಎಂದೆ.

ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಇದೆ. ಕಡಿಮೆಯಾಗುತ್ತದೆ ಎಂದು ಕಾಯುತ್ತಿದ್ದೇನೆ, ಇನ್ನೂ ಆಗಿಲ್ಲ. ಹಾಗಂತ ನೀನು ಕೆಟ್ಟದಾಗಿ ನುಡಿಸಲಿ ಎಂದು ಒಂದು ಗಳಿಗೆಯೂ ಅನ್ನಿಸಿಲ್ಲ. ಆ ಮಟ್ಟಿಗೆ ನನ್ನ ಬಗ್ಗೆ ನನಗೇ ಆಶ್ಚರ್ಯ.

ಮನೆಯ ನಡುಕೋಣೆಯಲ್ಲಿರುವ ನನ್ನ ಬೇಸನ್ನು ರಜೆಯಲ್ಲಿ ಬಂದಾಗ ತೆಗೆದುಕೊಂಡು ಹೋಗು. ಸುಮ್ಮನೆ ನಿಂತರೆ ಮರ ಬಿರಿಯುತ್ತದೆ. ನಿನಗಾಗಿ ಇಟ್ಟಿರುತ್ತೇನೆ, ವಾಸಿಯಾದ ಮೇಲೆ ವಾಪಸು ಕೊಡುತ್ತೇನೆ ಎಂಬ ಮಾತೆಲ್ಲ ಬೇಡ. ಕೇಳುವವಳಿಗೂ ಕಷ್ಟ, ಹೇಳುವವಳಿಗೂ ಕಷ್ಟ. ಮೊನ್ನೆ ಒಬ್ಬರು, ಪಾಠ ಹೇಳಿಕೊಡಬಹುದಲ್ಲ ಎಂದರು. ಹೇಳಿಕೊಡಬಹುದು. ಮಾಡಿ ತೋರಿಸದೆ ಬರೀ ಬಾಯಲ್ಲಿ ಎಷ್ಟು ದಿನ ಹೇಳಿಕೊಡಲಿ? ಬೆಳಿಗ್ಗೆ ಎದ್ದ ಕೂಡಲೇ ಈಗಲೂ ಎಡಗೈ ಚಾಚಿ ಗೋಡೆಯ ಮೇಲೆ ಬೆರಳಿಟ್ಟು ನೋಡುತ್ತೇನೆ. ಗೋಡೆಯ ಮೇಲೂ ಮಡಚಿಕೊಳ್ಳುತ್ತವೆ. ಆಮೇಲೆ ಎದ್ದು ಮುಖ ತೊಳೆಯುತ್ತೇನೆ.

ಶುಕ್ರವಾರದ ಹಾಲ್‌ನಲ್ಲಿ ಸ್ಟೇಜಿನ ಎಡಭಾಗದ ಹಲಗೆ ತಗ್ಗಿದೆ. ನಿನ್ನ ಜಾಗವನ್ನು ಎರಡು ಹೆಜ್ಜೆ ಹಿಂದಕ್ಕೆ ಹಾಕಿಸಿಕೋ. ಪಿಯಾನೊದವನು ಬೇಡ ಅಂದರೂ ಜಗ್ಗಬೇಡ.

ನಿನ್ನ,
ದೊಡ್ಡಮ್ಮ

ತಾ.ಕ.: ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ನೋಡೇ ನೋಡಿರುತ್ತೀಯ. ನಾನು ಮನೆಗೆ ಹೋಗಿಲ್ಲ, ಆ ಕೊನೆಯ ಕಾರ್ಯಕ್ರಮದ ಊರಿನಲ್ಲೇ ಇದ್ದೇನೆ, ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ದೊಡ್ಡಮ್ಮನೇ ಜೊತೆಗೆ ಕರೆಸಿಕೊಂಡಳು ಎಂದು ನೀನು ಅಮ್ಮನಿಗೆ ಹೇಳಿ ಹೊರಟೆಯಂತೆ. ಅವಳು ಫೋನ್ ಮಾಡಿ, “ಅಕ್ಕ, ನೀನಿದ್ದೀಯ ಅಂತ ನಂಗೆ ಚಿಂತೆ ಇಲ್ಲ,” ಎಂದಳು. ಹಾಗೆ ಅಂದಮೇಲೆ ಇನ್ನೇನು ಹೇಳಲಿ? ಪ್ರತಿ ಭಾನುವಾರ ನಿಮ್ಮ ಊರುಗಳ ಪಟ್ಟಿ ನೋಡಿಕೊಂಡು, ಈಗ ಇಂಥ ಊರಿನಲ್ಲಿದ್ದೇವೆ, ಗುಬ್ಬಿ ಪಕ್ಕದ ಕೋಣೆಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಹೇಳುತ್ತಿದ್ದೇನೆ. ನಿನಗೆ ಫೋನ್ ಬಂದರೆ ನೀನೂ ಹಾಗೇ ಹೇಳು, ಇಬ್ಬರ ಮಾತೂ ಒಂದೇ ಇರಲಿ. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದೂ ಹೇಳಿದ್ದೇನೆ. ಮಾಡು.