ನಾಲ್ಕು ಇಂಚು ಹೆಚ್ಚು

ಅಗಡಿ
೧೩ ಫೆಬ್ರುವರಿ ೨೦೨೪

ಪ್ರೀತಿಯ ಕೈಸರ,

ಗಾಡಿಗೆ ನೀನು ಕೊಟ್ಟ ಅಳತೆಯನ್ನು ನಿನಗೆ ಹೇಳದೆ ಬದಲಿಸಿದೆ. ಅದು ತಪ್ಪು. ಫೋನಿನಲ್ಲಿ ಹೇಳಲು ಧೈರ್ಯ ಬರದೆ ಮೂರು ವಾರ ಕಳೆದೆ, ಕ್ಷಮಿಸು. ಕುಮಾರಪಟ್ಟಣದ ಕೆಲಸ ಹೇಗಿದೆ? ನಿನ್ನ ಪಾಳಿ ಬದಲಾಗಿದೆ ಎಂದು ಅಮ್ಮಿ ಹೇಳಿದರು.

ಆ ಗಾಡಿಯನ್ನು ನಾವು ಕಟ್ಟಿದ್ದು ನಿಮ್ಮ ಅಬ್ಬಾನ ಮಡಚಲಾಗದ ಎಡಮೊಣಕಾಲಿಗಾಗಿ. ಹಳೆಯ ಮುನ್ನೂರೈವತ್ತು ಸಿಸಿ ಎಂಜಿನ್, ತಗ್ಗಿನ ಸೀಟು, ಕಾಲು ಚಾಚಿ ಕೂರಲು ಮುಂದಕ್ಕೆ ಸರಿಸಿದ ಫುಟ್‌ರೆಸ್ಟ್. ಅಷ್ಟಕ್ಕೇ ನಿಲ್ಲಬೇಕಿತ್ತು. ನೀನು ಕೆಲಸಕ್ಕೆ ಹೋದ ಮೇಲೆ ಮುಂದಿನ ಗಾಲಿ ಹಿಡಿಯುವ ಫೋರ್ಕನ್ನು ನಾಲ್ಕು ಇಂಚು ಉದ್ದ ಮಾಡಿಸಿ ಮುಂದಕ್ಕೆ ಚಾಚಿಸಿದೆ. ದುಡಿಯುವವನಿಗೂ ಚಂದದ ವಸ್ತುವಿನ ಹಕ್ಕಿದೆ ಎಂದು ಓದಿದ್ದೆ. ಅಬ್ಬಾನಂಥ ಚೀಲ ಹೊಲಿಯುವವರ ಗಾಡಿ ಯಾಕೆ ಸಾದಾ ಇರಬೇಕು ಎಂದು ವೆಲ್ಡರ್ ಫಕ್ಕೀರಸಾಬರ ಜೊತೆ ಜಗಳಾಡಿದೆ. "ತಮ್ಮಾ, ಗಾಡಿ ಹೊಡಿಯಾಂವ ಅಂವನೋ, ನಿನ್ನ ಪುಸ್ತಕಾನೋ?" ಎಂದರು. ನಾನು ಕೇಳಲಿಲ್ಲ.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೈವೇಯಲ್ಲಿ ನಾನೇ ಓಡಿಸಿದೆ. ಎಂಬತ್ತರ ವೇಗದಲ್ಲೂ ಹ್ಯಾಂಡಲ್ ನಡುಗಲಿಲ್ಲ. ನಡೆಯುವ ವೇಗದಲ್ಲಿ ಓಡಿಸಿ ನೋಡಲೇ ಇಲ್ಲ. ಸೋಮವಾರದ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಬೇರೆ ವೇಗವೇ ಇಲ್ಲ. ಮೂರು ವಾರದ ಹಿಂದೆ ಮೆಣಸಿನಕಾಯಿ ಚೀಲಗಳ ನಡುವೆ ಅಬ್ಬಾ ತಿರುಗಿಸುವಾಗ ಮುಂದಿನ ಗಾಲಿ ತನ್ನ ಭಾರಕ್ಕೇ ಎಡಕ್ಕೆ ಹೊರಳಿತು. ಅವರು ಊರಬೇಕಾದದ್ದು ಆ ಎಡಗಾಲನ್ನೇ. ಚೀಲಗಳ ಮೇಲೆ ಬಿದ್ದರು.

ಹಮಾಲ ಪುಂಡಲೀಕ ಎಬ್ಬಿಸುತ್ತ, "ಚಮನಸಾಬ ಚಾಚಾ, ಬೀಳಾಕ ಚಲೋ ಜಾಗಾ ಹುಡುಕೀರಿ ಬಿಡ್ರಿ. ಗಾದಿಗಿಂತ ಮೆತ್ತಗ ಐತಿ" ಎಂದ. ಅಬ್ಬಾ ಸೀನುತ್ತಲೇ ನಕ್ಕರು. ಗಾಯವಾಗಿಲ್ಲ. ಆದರೆ ಅಂದಿನಿಂದ ಬಸ್ಸಿನಲ್ಲೇ ಹೋಗುತ್ತಾರೆ, ಯಾರದೋ ಕೈ ಹಿಡಿದು ಮೆಟ್ಟಿಲು ಹತ್ತುತ್ತಾರೆ.

ಫೋರ್ಕನ್ನು ನಿನ್ನ ಅಳತೆಗೆ ತರಿಸಿ ಮಾರ್ಕೆಟ್ಟಿನಲ್ಲೇ ಓಡಿಸಿ ನೋಡಿದೆ. ಈಗ ಕೈ ಹೇಳಿದಷ್ಟೇ ತಿರುಗುತ್ತದೆ. ಅಬ್ಬಾ ಮಾತ್ರ ಹತ್ತುವುದಿಲ್ಲ. ದಣಿದಿದ್ದೇನೆ, ಕೈಸರ. ಓದಲು ಕೂತರೂ ಸಾಲು ಮುಂದೆ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ
ವಿಜಯಮಹಾಂತೇಶ

ತಾ.ಕ.: ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ. ಬಿದ್ದ ದಿನ ಅಬ್ಬಾ ಎಲ್ಲರ ಮುಂದೆ, "ಗಾಡಿ ಚಲೋ ಐತಿ. ನನ್ನ ಕಾಲ ಸತ್ತೈತಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಈಗ ಅವರು ಅದನ್ನೇ ನಂಬಿದ್ದಾರೆ. ಯುಗಾದಿಗೆ ಚೀಲ ಹೊಲಿಯುವುದನ್ನೂ ಬಿಡುತ್ತಾರಂತೆ. ಬೀಳಿಸಿದ್ದು ನಾನು ಉದ್ದ ಮಾಡಿಸಿದ ಫೋರ್ಕು ಎಂದು ನಾನೊಬ್ಬನೇ ಹೇಳಿದರೆ ಸಮಾಧಾನದ ಮಾತು ಎಂದುಕೊಳ್ಳುತ್ತಾರೆ. ಅಳತೆ ಹಾಕಿದವನು ನೀನು. ಇಪ್ಪತ್ತೈದನೇ ತಾರೀಕು, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ರಾಣೆಬೆನ್ನೂರಿನ ನಿಮ್ಮ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ನೀನೂ ಬಾ.