ತೊಗಾಶಿ ಅಜ್ಜಿಯ ನಾಲ್ಕು ಟೈರು

ನಾಯೊರೊ
ಅಕ್ಟೋಬರ್ ೨೩, ಬುಧವಾರ ಬೆಳಗ್ಗೆ

ಪ್ರೀತಿಯ ಮಾವನವರಿಗೆ,

ನಮ್ಮ ಕಾರಿಗೆ ಹಿಮದಲ್ಲಿ ಜಾರದ ಚಳಿಗಾಲದ ಟೈರು ನಾನೇ ಹಾಕಿದೆ ಮಾವ, ನಾಲ್ಕೂ ನಾನೇ, ನಿಮ್ಮ ಮಗ ಒಂದು ನಟ್ಟನ್ನೂ ಮುಟ್ಟಲಿಲ್ಲ. ಕಾಗದವನ್ನು ಋತುವಿನ ವರ್ಣನೆಯಿಂದ ಶುರು ಮಾಡಬೇಕು, ಆಮೇಲೆ ಆರೋಗ್ಯ ವಿಚಾರಿಸಬೇಕು, ಸುದ್ದಿಯೆಲ್ಲ ಅದರ ನಂತರ ಎಂದು ನನ್ನ ಅಮ್ಮ ಮದುವೆಗೆ ಮುಂಚೆ ಹೇಳಿಕೊಟ್ಟಿದ್ದಳು. ಆದರೆ ಕೋಬೆಯ ಇಂಗ್ಲಿಷ್ ಶಾಲೆಯಲ್ಲಿ ಹನ್ನೆರಡು ವರ್ಷ ಓದಿದ ನನಗೆ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿರುವುದು ಅಭ್ಯಾಸವಾಗಲಿಲ್ಲ. ಈಗ ಸರಿಯಾಗಿ ಕೇಳುತ್ತೇನೆ. ಹೇಗಿದ್ದೀರಿ? ಬಲಗೈಯ ಬೆರಳು ಮಡಚಲು ಬರುತ್ತಿದೆಯೇ? ಊಟ ಸೇರುತ್ತಿದೆಯೇ, ಇಲ್ಲ ಈಗಲೂ ಆಸ್ಪತ್ರೆಯ ಮಿಸೊ ಸಾರನ್ನು ಬಿಸಿನೀರು ಅಂತಲೇ ಕರೆಯುತ್ತಿದ್ದೀರಾ? ಕೋಲು ಹಿಡಿದು ಮೊಗಸಾಲೆಯ ಕೊನೆಯ ಕಿಟಕಿಯವರೆಗೆ ಹೋಗಿಬರುತ್ತೀರಂತೆ, ನರ್ಸಮ್ಮ ಹೇಳಿದರು. ಕೇಳಿ ಎಷ್ಟು ಖುಷಿಯಾಯಿತೆಂದರೆ ಫೋನಿಟ್ಟವಳೇ ಎರಡು ಬಟ್ಟಲು ಅನ್ನ ಉಂಡೆ.

ಫೋನಿನಲ್ಲೇ ಇದನ್ನೆಲ್ಲ ಹೇಳಬಹುದಿತ್ತು, ಆದರೆ ನೀವು ಫೋನಿಗೆ ಬರುವುದಿಲ್ಲ. ಮಾತು ತೊದಲುತ್ತದೆ ಎಂಬ ಸಂಕೋಚ ನಿಮಗೆ. ಕಾಗದವನ್ನಾದರೆ ಓದುತ್ತೀರಿ, ಓದುವಾಗ ಯಾರೂ ತೊದಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮಗಳು ಮಿಚಿಯೊ ಅಕ್ಕ ಸಪ್ಪೊರೊದಲ್ಲಿ ತಮ್ಮ ಮನೆಯ ಹತ್ತಿರ ವೃದ್ಧರ ನಿವಾಸವೊಂದರಲ್ಲಿ ನಿಮಗೆ ಕೋಣೆ ಗೊತ್ತುಮಾಡಿರುವುದೂ, ಮುಂದಿನ ಸೋಮವಾರ ಆಸ್ಪತ್ರೆಗೆ ಬಂದು ಕಾಗದಗಳಿಗೆ ನಿಮ್ಮ ಸಹಿಯ ಮೊಹರು ಹಾಕಿಸಿಕೊಳ್ಳುವುದೂ, ನೀವು ಅದಕ್ಕೆ ಹೂಂ ಅಂದಿರುವುದೂ ನನಗೆ ಭಾನುವಾರ ಗೊತ್ತಾಯಿತು. ಶೂಹೇ ಅದನ್ನು ಹೇಳಿದ್ದು ತಟ್ಟೆ ತೊಳೆಯುತ್ತಾ, ನನ್ನ ಕಡೆ ಬೆನ್ನು ಮಾಡಿಕೊಂಡು. "ಅಪ್ಪನೇ ಒಪ್ಪಿದ್ದಾನೆ, ನಾವೇನು ಮಾಡೋಕಾಗುತ್ತೆ" ಅಂದರು. ಅವರು ಒಂದೇ ತಟ್ಟೆಯನ್ನು ಮೂರು ಸಲ ತೊಳೆದರು ಮಾವ. ಮರುದಿನ ಅವರು ಹಿಮ ತೆಗೆಯುವ ಗಾಡಿಯ ಕೆಲಸಕ್ಕೆ ಹೋದಮೇಲೆ ನಿಮ್ಮ ಹಳೆಯ ಅಂಗಿ ತೊಟ್ಟು ಗ್ಯಾರೇಜಿಗೆ ಇಳಿದೆ.

ಗ್ಯಾರೇಜಿನ ವಿಷಯ ಹೇಳುವ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಮೇ ತಿಂಗಳ ರಜೆ ಮುಗಿದಮೇಲೆ ನೀವು ಮೂರು ಮನೆಯ ಚಳಿಗಾಲದ ಟೈರು ಬಿಚ್ಚಿದಿರಲ್ಲ, ನಮ್ಮದು, ಕ್ಷೌರದ ಬಾನ್ನೊ ಅವರದು, ನೆರೆಯ ತೊಗಾಶಿ ಅಜ್ಜಿಯದು, ಆಗ ನಾನು ಈ ಮನೆಗೆ ಬಂದು ಎರಡು ವಾರ ಆಗಿತ್ತು. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡಿದೆ. ಹಳೆಯ ತಿರುಪುಳಿಯಿಂದ ಸಂದಿಯ ಹರಳುಗಳನ್ನು ಒಂದೊಂದಾಗಿ ಕಿತ್ತಿರಿ, ಗಾಳಿ ಸ್ವಲ್ಪ ಇಳಿಸಿದಿರಿ, ಪ್ರತಿಯೊಂದರ ಮೈಮೇಲೆ ಅಂಗೈಯನ್ನು ಸುತ್ತ ಒಂದು ಸಲ ಆಡಿಸಿ, ಸೀಮೆಸುಣ್ಣದಿಂದ ಯಾರ ಮನೆಯದು, ಮುಂದಿನದೋ ಹಿಂದಿನದೋ, ಎಡವೋ ಬಲವೋ ಎಂದು ಬರೆದಿರಿ. ನಾಲ್ಕು ನಾಲ್ಕರ ಮೂರು ಗುಡ್ಡೆ ಮಲಗಿಸಿ, ಬಿಸಿಲು ಬೀಳದ ಹಾಗೆ ಅತ್ತೆಯ ಕಾಲದ ನೀಲಿ ಪರದೆ ಹೊದಿಸಿದಿರಿ. ಜೂನ್‌ನಲ್ಲಿ ನಿಮಗೆ ಲಕ್ವ ಹೊಡೆದು ಅಸಾಹಿಕಾವಾದ ಆಸ್ಪತ್ರೆಗೆ ಕರೆದೊಯ್ದರು. ಸೆಪ್ಟೆಂಬರಿನಲ್ಲಿ ಮಿಚಿಯೊ ಅಕ್ಕ ಮನೆ ನೋಡಲು ಬರುತ್ತೇನೆ ಎಂದಾಗ, ಹೊಸ ಸೊಸೆ ಮನೆಯನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾಳೆ ಅನ್ನಿಸಿಕೊಳ್ಳಬೇಕೆಂಬ ಆಸೆಯಿಂದ ನಾನು ಮನೆಯನ್ನೆಲ್ಲ ಉಜ್ಜಿದೆ, ಅದು ಮುಗಿದಮೇಲೆ ಗ್ಯಾರೇಜು, ಅದೂ ಮುಗಿದಮೇಲೆ ಟೈರುಗಳು. ಹನ್ನೆರಡನ್ನೂ ಸೋಪು ಹಾಕಿ ತಿಕ್ಕಿದೆ. ಕೊನೆಯದನ್ನು ಒರೆಸುವಾಗ ಬಕೆಟ್ಟಿನ ನೀರು ಯಾಕೆ ಇಷ್ಟು ಬೆಳ್ಳಗಿದೆ ಎಂದು ನೋಡಿದೆ. ನಿಮ್ಮ ಬರಹವೆಲ್ಲ ಆ ಬಕೆಟ್ಟಿನಲ್ಲಿತ್ತು. ಅಕ್ಕ ಬಂದವರು ಗ್ಯಾರೇಜಿನ ಬಾಗಿಲಲ್ಲೇ ನಿಂತು, "ಇದೆಲ್ಲ ಇನ್ನು ಗುಜರಿಗೆ ಹಾಕಿಬಿಡ್ರಪ್ಪ, ಯಾರು ಮಾಡ್ತಾರೆ" ಅಂದರು. ಟೈರು ಫಳಫಳ ಹೊಳೆಯುತ್ತಿದ್ದುದನ್ನು ಅವರು ಗಮನಿಸಲೂ ಇಲ್ಲ.

ಈ ತಿಂಗಳ ಎಂಟಕ್ಕೆ, ಹಿಮ ಹತ್ತಿರ ಬಂತೆಂದು ಹೇಳುವ ಹಿಮದ ಹುಳು ಹಾರಿದವು. ಶೂಹೇ ಅವರ ಕಪ್ಪು ಸ್ವೆಟರಿನ ಮೇಲೆ ಅಷ್ಟಷ್ಟು ಹತ್ತಿಯ ಚೂರು ಅಂಟಿದ ಹಾಗೆ ಕೂತಿದ್ದವು. ಹುಳು ಬಂದ ಎರಡು ವಾರದೊಳಗೆ ಟೈರು ಬದಲಾಯಿಸಿಬಿಡಬೇಕು, ಮೂರನೆಯ ವಾರಕ್ಕೆ ಬಿಟ್ಟವನು ಹಳ್ಳದಲ್ಲಿರುತ್ತಾನೆ ಎಂದು ನೀವು ಹೇಳಿದ್ದು ನೆನಪಿತ್ತು. ಆದರೂ ನಾವಿಬ್ಬರೂ ಇವತ್ತು ನಾಳೆ ಎನ್ನುತ್ತಿದ್ದೆವು. ಶನಿವಾರ ಮೊದಲ ಹಿಮ ಬಿತ್ತು, ಭಾನುವಾರ ತಟ್ಟೆಯ ಮಾತು ಆಯಿತು, ಸೋಮವಾರ ನಾನು ಜಾಕ್ ಹಿಡಿದೆ. ಜಾಕಿನ ಕೈಪಿಡಿಯಲ್ಲಿ ಒಂದು ಪುಟ ಇಂಗ್ಲಿಷ್ ಇತ್ತು, ಹನ್ನೆರಡು ವರ್ಷದ ಓದು ಕೊನೆಗೂ ಉಪಯೋಗಕ್ಕೆ ಬಂತು. ಕಾರು ಜಾರದ ಹಾಗೆ ಹಿಂದಿನ ಚಕ್ರಕ್ಕೆ ಏನಾದರೂ ಒತ್ತು ಕೊಡಬೇಕು ಎಂದು ಬರೆದಿತ್ತು. ಮೂಲೆಯಲ್ಲಿ ದುಂಡನೆಯ ಒಳ್ಳೆಯ ಕಲ್ಲೊಂದು ಕಂಡಿತು, ಅದನ್ನು ಇಟ್ಟೆ. ಅದೇ ಹೊತ್ತಿಗೆ ತೊಗಾಶಿ ಅಜ್ಜಿ ಕೋಲೂರಿಕೊಂಡು ಬಂದವರು ನನ್ನನ್ನೂ ನೋಡಲಿಲ್ಲ, ಕಾರನ್ನೂ ನೋಡಲಿಲ್ಲ, ನೇರವಾಗಿ ಕಲ್ಲನ್ನು ನೋಡಿದರು. "ಅಯ್ಯೋ ಕೋಬೆ ಹುಡುಗಿ, ಅದು ನಿಮ್ಮತ್ತೆ ಮೂಲಂಗಿ ಉಪ್ಪಿನಕಾಯಿ ಪೀಪಾಯಿ ಮೇಲೆ ಇಡ್ತಿದ್ದ ಕಲ್ಲು ಕಣೇ. ಇಪ್ಪತ್ತು ಚಳಿಗಾಲ ತಿಂದಿದೀನಿ ಆ ಕಲ್ಲಿನ ಉಪ್ಪಿನಕಾಯಿ. ತೆಗಿ ತೆಗಿ" ಎಂದು ಗದರಿ, ತಾವೇ ಒಂದು ಸೌದೆ ತುಂಡು ತಂದು ಕೊಟ್ಟರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಎಂಬತ್ತೊಂದು ವರ್ಷದ ಧ್ವನಿಯಲ್ಲಿ ನನಗೆ ಆಜ್ಞೆ ಮಾಡುತ್ತಾ ಹೋದರು. ಪಾನಾದ ಮೇಲೆ ಕಾಲಿಟ್ಟು ಒತ್ತು, ಕೈಯಲ್ಲಿ ಒತ್ತಿದರೆ ಸೊಂಟ ಹಿಡಿದೀತು. ನಟ್ಟನ್ನು ಎದುರುಬದುರಾಗಿ ಬಿಗಿ, ಸಾಲಾಗಿ ಅಲ್ಲ. ಇದೆಲ್ಲ ನಿಮ್ಮ ಮಾವ ಇವಾಒ ಮಾಡುವುದನ್ನು ನೋಡಿ ಗೊತ್ತು, ಇಷ್ಟು ವರ್ಷ ಸುಮ್ಮನೆ ಕೂತು ನೋಡಿಲ್ಲ, ಅಂದರು. ಬಿಚ್ಚಿದ ಬೇಸಿಗೆ ಟೈರುಗಳಿಗೆ ನಾನೂ ಸೀಮೆಸುಣ್ಣದಲ್ಲಿ ಬರೆದು ಮಲಗಿಸಿ ಪರದೆ ಹೊದಿಸಿದ್ದೇನೆ. ಈ ಸಲ ಸೋಪು ಮುಟ್ಟಿಸುವುದಿಲ್ಲ.

ಯಾವ ಟೈರು ಯಾವ ಕಾರಿನದು ಎನ್ನುವುದು ಕಷ್ಟವಾಗಲಿಲ್ಲ, ಮೂರರ ಅಳತೆಯೂ ಬೇರೆ. ಮುಂದಿನದು ಹಿಂದಿನದು ಎನ್ನುವುದೂ ನಮ್ಮ ಕಾರಿಗೆ ಗೊತ್ತಾಯಿತು, ಕಳೆದ ಚಳಿಗಾಲ ಮುಂದೆ ಓಡಿದ ಎರಡು ಕಣ್ಣಿಗೆ ಕಾಣುವಷ್ಟು ಸವೆದಿದ್ದವು, ಅವನ್ನು ಈ ಸಲ ಹಿಂದಕ್ಕೆ ಹಾಕಿದೆ. ಬಾನ್ನೊ ಅವರು ನಿನ್ನೆ ಬೆಳಗ್ಗೆ ಬಂದು ತಮ್ಮವನ್ನು ತಾವೇ ಹಾಕಿಕೊಂಡರು, ನನ್ನ ಸೋಪಿನ ಕಥೆ ಕೇಳಿ ಎಷ್ಟು ನಕ್ಕರೆಂದರೆ ಪಾನಾ ಕೈಯಿಂದ ಬಿತ್ತು, "ಇವಾಒ ಅಣ್ಣನ ಟೈರಿಗೆ ತಲೆಸ್ನಾನ ಮಾಡಿಸಿದ್ದೀಯಲ್ಲಮ್ಮ, ನನ್ನ ಅಂಗಡಿಗೆ ಬಂದುಬಿಡು, ಕೆಲಸ ಕೊಡ್ತೀನಿ" ಅಂದರು. ಉಳಿದದ್ದು ಅಜ್ಜಿಯ ನಾಲ್ಕು. ಅವರ ಪುಟ್ಟ ಕಾರು ಊರಿನ ಸಾರ್ವಜನಿಕ ಸ್ನಾನದ ಮನೆಗೆ, ತರಕಾರಿ ಅಂಗಡಿಗೆ, ಕಣ್ಣಿನ ಡಾಕ್ಟರ ಹತ್ತಿರಕ್ಕೆ ಬಿಟ್ಟರೆ ಬೇರೆಲ್ಲೂ ಹೋಗುವುದಿಲ್ಲ. ನಾಲ್ಕೂ ಟೈರು ಹೊಸದರ ಹಾಗೇ ಇವೆ, ಯಾವುದು ಹೆಚ್ಚು ಸವೆದದ್ದು ಎಂದು ಗೊತ್ತಾಗುವುದಿಲ್ಲ. ನಾನು ನೋಡಿದೆ, ಅಂಗೈ ಆಡಿಸಿದೆ, ಕಣ್ಣುಮುಚ್ಚಿಕೊಂಡೂ ಆಡಿಸಿದೆ, ನನ್ನ ಕೈಗೆ ಸಿಕ್ಕಿದ್ದು ರಬ್ಬರು ಅಷ್ಟೇ. ಸೋಮವಾರ ಸಂಜೆಯೇ ಶೂಹೇ ಬಂದು, "ನಮ್ಮ ಡಿಪೋದಲ್ಲಿ ಟೈರಿನ ಸಂದಿ ಎಷ್ಟು ಆಳ ಅಂತ ಅಳೆಯೋ ಕಡ್ಡಿ ಇದೆ, ತರ್ತೀನಿ, ಅಳೆದರಾಯ್ತು" ಅಂದರು. ಅಜ್ಜಿ ಕೋಲು ಕುಟ್ಟಿದರು. "ಕಡ್ಡಿಗಿಡ್ಡಿ ನನಗೆ ಬೇಡಪ್ಪ. ಮೂವತ್ತು ವರ್ಷ ನಿಮ್ಮಪ್ಪ ಕೈಯಾಡಿಸಿ ಹೇಳಿದ್ದಕ್ಕೆ ನಾನು ಕೂತು ಓಡಿಸಿದ್ದು. ಈಗಲೂ ಅವನೇ ಹೇಳಲಿ. ಬರೋ ತನಕ ನಡ್ಕೊಂಡು ಹೋಗ್ತೀನಿ." ಅವರ ಕಾರು ಬೇಸಿಗೆ ಟೈರಿನ ಮೇಲೇ ನಮ್ಮ ಅಂಗಳದಲ್ಲಿ ನಿಂತಿದೆ. ನಿನ್ನೆಯ ಕಣ್ಣಿನ ಡಾಕ್ಟರ ಸರದಿ ತಪ್ಪಿಸಿಕೊಂಡರು. ಸ್ನಾನದ ಮನೆಗೆ ಹೆಪ್ಪುಗಟ್ಟಿದ ಹಾದಿಯಲ್ಲಿ ಕೋಲೂರಿ ಹೋಗುವುದನ್ನು ನೋಡಿದರೆ ನನ್ನ ಉಸಿರೇ ನಿಲ್ಲುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ ಮಾವ. ಒಂದು ರಾತ್ರಿಗೆ ಮನೆಗೆ ಬನ್ನಿ. ವಾರದ ಕೊನೆಗೆ ಒಂದು ರಾತ್ರಿ ಮನೆಯಲ್ಲಿ ಇದ್ದುಬರಲು ಆಸ್ಪತ್ರೆಯವರು ಬಿಡುತ್ತಾರಂತೆ, ನರ್ಸಮ್ಮನನ್ನು ಕೇಳಿದೆ, "ನಾವು ಮೂರು ಸಲ ಹೇಳಿದ್ವಿ, ಅವರೇ ಬೇಡ ಅಂತಾರೆ" ಅಂದರು. ನೀವು ಯಾಕೆ ಬೇಡ ಅನ್ನುತ್ತೀರಿ ಎಂಬುದೂ ನನಗೆ ಗೊತ್ತು. ಆ ಹುಡುಗಿ ಮದುವೆಯಾಗಿ ಬಂದದ್ದು ಮುದುಕನ ಸೇವೆ ಮಾಡಲಿಕ್ಕಲ್ಲ ಎಂದು ನೀವು ಮಿಚಿಯೊ ಅಕ್ಕನಿಗೆ ಹೇಳಿದಿರಂತೆ. ಅಕ್ಕ ಒಳ್ಳೆಯವರು, ಅವರ ಮೇಲೆ ನನಗೆ ಒಂದಿಷ್ಟೂ ಕೋಪವಿಲ್ಲ, "ತೊಮೋಕಾ, ನಿನಗಿನ್ನೂ ಇಲ್ಲಿಯ ಫೆಬ್ರವರಿ ಗೊತ್ತಿಲ್ಲಮ್ಮ" ಎಂದು ನನ್ನ ಕೈ ಹಿಡಿದು ಹೇಳಿದರು. ನಿಜ, ಗೊತ್ತಿಲ್ಲ. ಫೆಬ್ರವರಿಯಲ್ಲಿ ನಾನು ಮುಖ ಗಂಟಿಕ್ಕಿಕೊಂಡು ನಿಮಗೆ ತಣ್ಣನೆಯ ಸಾರು ಬಡಿಸಬಹುದು, ಬಾಗಿಲು ಜೋರಾಗಿ ಹಾಕಿಕೊಳ್ಳಬಹುದು. ಆಗ ನೀವೂ ನನ್ನನ್ನು ಗದರಿ. ಮದುವೆಗೆ ಮುಂಚೆ ನಾನು ಒಂದು ಮನೆಯನ್ನು ನೋಡಿ ಒಪ್ಪಿದ್ದು, ಅದರಲ್ಲಿ ಶೂಹೇ ಮಾತ್ರ ಇರಲಿಲ್ಲ, ಗ್ಯಾರೇಜಿನಲ್ಲಿ ಸಿಳ್ಳೆ ಹಾಕುತ್ತಾ ಕೆಲಸ ಮಾಡುವ ಮಾವನೂ ಇದ್ದರು. ಅರ್ಧ ಮನೆಯನ್ನು ಸಪ್ಪೊರೊಗೆ ಕಳಿಸುತ್ತೇವೆ ಎಂದು ಆಗ ಯಾರೂ ನನಗೆ ಹೇಳಲಿಲ್ಲ.

ಹಾಗಂತ ಬರೀ ಮಾತಾಡುತ್ತಾ ಕೂತಿಲ್ಲ. ನಿಮ್ಮ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದಿದ್ದೇವೆ. ಬಚ್ಚಲಿನಲ್ಲಿ ಎರಡು ಕಡೆ, ಗ್ಯಾರೇಜಿಗೆ ಇಳಿಯುವ ಮೂರು ಮೆಟ್ಟಿಲ ಪಕ್ಕದಲ್ಲಿ ಒಂದು ಕಡೆ ಹಿಡಿಕೆ ಹಾಕಿಸಿದ್ದೇನೆ. ಶೂಹೇ ಏನು ಮಾಡೋಕಾಗುತ್ತೆ ಅಂದರೂ ತಿರುಪು ಬಿಗಿದು ಕೊಟ್ಟದ್ದು ಅವರೇ, ಆಮೇಲೆ ತಮ್ಮ ಇಡೀ ಭಾರ ಹಾಕಿ ಜೋತುಬಿದ್ದು ಪರೀಕ್ಷೆ ಮಾಡಿದರು. ಗ್ಯಾರೇಜಿನಲ್ಲಿ ಒಲೆಯ ಹತ್ತಿರ ಬೆನ್ನಿರುವ ಕುರ್ಚಿ ಇಟ್ಟಿದ್ದೇನೆ. ನೀವು ಅದರಲ್ಲಿ ಕೂರಿ, ಎಡಗೈಯನ್ನು ಅಜ್ಜಿಯ ಟೈರಿನ ಮೇಲೆ ಆಡಿಸಿ ಇದು ಮುಂದೆ, ಇದು ಹಿಂದೆ ಅನ್ನಿ. ಎತ್ತುವುದು, ಬಿಗಿಯುವುದು ನನ್ನ ಕೆಲಸ. ಮಾತು ತೊದಲಿದರೆ ತೊದಲಲಿ, ಬೆರಳು ತೋರಿಸಿದರೂ ಸಾಕು. ಆಮೇಲೆ ಸೋಮವಾರ ಏನು ಮಾಡಬೇಕೋ ಅದನ್ನು ನೀವೇ ತೀರ್ಮಾನಿಸಿ, ನಾನು ಬಾಯಿ ಮುಚ್ಚಿಕೊಂಡಿರಲು ಪ್ರಯತ್ನಿಸುತ್ತೇನೆ.

ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡೇ ಮಲಗಿ. ಪಕ್ಕದ ಹಾಸಿಗೆಯ ಹಿರಿಯರಿಗೂ ನರ್ಸಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಬೇಡುತ್ತಾ, ಗ್ರೀಸು ಅಂಟಿದ ಬೆರಳಿನಿಂದ,

ನಿಮ್ಮ ಸೊಸೆ
ತೊಮೋಕಾ

ಮತ್ತೆ: ಸ್ಟಾಂಪು ತರಲು ಅಂಚೆ ಕಚೇರಿಗೆ ಹೋಗಿ ಬಂದೆ, ಅಷ್ಟರಲ್ಲಿ ಎಲ್ಲ ಕೆಟ್ಟುಹೋಯಿತು. ಶೂಹೇ ಮಧ್ಯಾಹ್ನದ ಊಟಕ್ಕೆ ಬಂದವರು ಆ ಅಳೆಯುವ ಕಡ್ಡಿ ತಂದು, ಅಜ್ಜಿಯ ನಾಲ್ಕನ್ನೂ ಅಳೆದು, ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಂಡುಹಿಡಿದು, ಹಾಕಿಯೇಬಿಟ್ಟಿದ್ದಾರೆ. ನನಗೆ ಆಶ್ಚರ್ಯ ಕೊಡಬೇಕೆಂದು ಮಾಡಿದರಂತೆ. ಅಜ್ಜಿ ಬಂದು ನೋಡಿ, "ಎಂಥ ದಡ್ಡನೋ ನೀನು, ಯಾರು ಕೇಳಿದ್ರು ನಿನ್ನ" ಎಂದು ಅವರ ಬೆನ್ನಿಗೊಂದು ಗುದ್ದಿ, ಕಾರು ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಾರು ಒಂದಿಷ್ಟೂ ಜಾರಲಿಲ್ಲ. ಹಾಗಾಗಿ ಈ ಊರಿನ ಯಾವ ಟೈರಿಗೂ ಈಗ ನಿಮ್ಮ ಅವಶ್ಯಕತೆ ಇಲ್ಲ ಮಾವ. ಕಾಗದ ಹರಿದುಹಾಕೋಣ ಅಂದುಕೊಂಡೆ, ಹರಿಯಲಿಲ್ಲ. ನೀವು ನನಗೆ ಬೇಕು, ಟೈರು ಇದ್ದರೂ ಇಲ್ಲದಿದ್ದರೂ. ಕಡ್ಡಿ ತಂದವರಿಗೂ ಬೇಕು, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಇವತ್ತು ಅಂಚೆಗೆ ಹಾಕಿದರೆ ಇದು ನಿಮಗೆ ಶುಕ್ರವಾರ ಸಿಗುತ್ತದೆ. ರಜೆಯ ಕಾಗದ ನರ್ಸಮ್ಮನ ಹತ್ತಿರ ಇದೆ, ನಿಮ್ಮ ಮೊಹರು ಬೀಳುವುದೊಂದೇ ಬಾಕಿ. ನಾವಿಬ್ಬರೂ ಹಿಂತಿರುಗುವ ರೈಲಿಗೆ ಹಲಗೆ ಹಾಕಿ ಹತ್ತಿಸಿಕೊಡಲು ಸ್ಟೇಷನ್ನಿನವರಿಗೆ ಹೇಳಿದ್ದೇನೆ, ನಾಯೊರೊದಲ್ಲಿ ಬಾನ್ನೊ ಅವರು ಕಾರು ತಂದು ಕಾಯುತ್ತಾರೆ. ನೀವು ಮತ್ತೆ ಬೇಡ ಅಂದರೆ ಸಂಜೆಯವರೆಗೂ ನಿಮ್ಮ ಹಾಸಿಗೆಯ ಪಕ್ಕ ಕೂತಿರುತ್ತೇನೆ, ಏಳುವುದಿಲ್ಲ. ಶನಿವಾರ, ಇಪ್ಪತ್ತಾರನೇ ತಾರೀಕು, ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅಸಾಹಿಕಾವಾ ಸೇರುವ ನಾಯೊರೊ ವೇಗದ ರೈಲಿನಲ್ಲಿ ಬರುತ್ತಿದ್ದೇನೆ.